ಅಮ್ಮನ ಬಳೆಯಲ್ಲಿ ಎಳೆದ ದೇಶಗಳು

ಹೊಸೂರಿನ ಶ್ರೀರಂಜನಿ ಟೀಚರಿಗೆ ವೃತ್ತ ಎಳೆಯಲು ಕೈವಾರ ಬೇಕಿರಲಿಲ್ಲ. ತೀರಿಹೋದ ಅಮ್ಮನ ಬಳೆಯೊಂದು ಸಾಕಿತ್ತು. ಭಾರತ, ಚೀನಾ, ಬ್ರೆಜಿಲ್, ಜರ್ಮನಿ ಎಲ್ಲವೂ ಆ ಬಳೆಯೊಳಗೇ ಹುಟ್ಟಿದವು. ಮೂವತ್ತು ವರ್ಷದ ಹಿಂದಿನದೊಂದು, ಈಗಿನದೊಂದು ಎಂದು ಚಾರ್ಟಿನಲ್ಲಿ ದೇಶಕ್ಕೆ ಎರಡೆರಡು ವೃತ್ತ. ದೇಶ ಬಿಡುವ ಒಟ್ಟು ಹೊಗೆಯಲ್ಲಿ ಕರೆಂಟು, ಪೆಟ್ರೋಲು, ಕಾರ್ಖಾನೆಯ ಇಂಧನದ ಪಾಲೆಷ್ಟೋ ಅಷ್ಟಕ್ಕೆ ಕಪ್ಪು. ಹೊಲ, ಕಾಡು, ಕಸದ ಪಾಲಿಗೆ ಹಸಿರು. ಭಾರತದ ಕಪ್ಪು ಹಿಗ್ಗಿತ್ತು. ಬ್ರೆಜಿಲ್ಲಿನಲ್ಲಿ ಹಸಿರೇ ಹೆಚ್ಚು.

ಕೃಷ್ಣಗಿರಿಯ ವಿಜ್ಞಾನ ಪ್ರದರ್ಶನಕ್ಕೆಂದು ತಿಂಗಳಿಡೀ ಕೂತು ಬಣ್ಣ ಹಚ್ಚಿದವಳು ಗುಮ್ಮಳಾಪುರದ ವನಿತಾ. ಒಂಬತ್ತನೇ ತರಗತಿಯ ಕನ್ನಡ ವಿಭಾಗ ಎಂದರೆ ಇವಳೊಬ್ಬಳೇ. ಆರನೇ ತರಗತಿಯಲ್ಲಿದ್ದಾಗ ಹನ್ನೊಂದು ಮಕ್ಕಳಿದ್ದರು. ಒಬ್ಬೊಬ್ಬರಾಗಿ ತಮಿಳಿಗೋ ಇಂಗ್ಲಿಷಿಗೋ ಜಾರಿಕೊಂಡರು. ಟೀಚರು ಬಾಯ್ತುಂಬ ಮಾತಾಡುತ್ತಿದ್ದದ್ದೂ ಈ ಹುಡುಗಿಯ ಜೊತೆ ಮಾತ್ರ. ಚಾರ್ಟು ಗೆದ್ದರೆ ಹತ್ತನೇ ತರಗತಿಗೂ ಉಳಿದಾಳು ಎಂಬ ಆಸೆ ಅವರಿಗಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಲು ಮನೆಯಲ್ಲಿ ಯಾರಿದ್ದರು?

ಪ್ರದರ್ಶನದ ದಿನ ತೀರ್ಪುಗಾರ ಹರಿಕೃಷ್ಣ ಕನ್ನಡಕ ಏರಿಸಿ ಚಾರ್ಟಿನ ಮುಂದೆ ನಿಂತರು. ಎಲ್ಲ ದೇಶವೂ ಒಂದೇ ಗಾತ್ರವಿದೆಯಲ್ಲ, ಎಲ್ಲರೂ ಸಮಸಮ ಹೊಗೆ ಬಿಡುತ್ತಾರಾ ಎಂದು ತಮಿಳಿನಲ್ಲಿ ಕೇಳಿದರು. ಟೀಚರು ಚಾರ್ಟನ್ನು ಹೊಸದಾಗಿ ನೋಡಿದರು. ಇಪ್ಪತ್ತು ವರ್ಷ ಭೂಗೋಳ ಕಲಿಸಿದ ಮಹಾತಾಯಿಗೆ ಇದು ಹೊಳೆದೇ ಇರಲಿಲ್ಲ. ಇದ್ದದ್ದು ಒಂದೇ ಬಳೆ, ಏನು ಮಾಡುವುದು.

ವನಿತಾ ತಡವರಿಸಲಿಲ್ಲ. ಇದು ಹೊಗೆಯ ಮೊತ್ತವಲ್ಲ, ಪಾಲು ಎಂದು ಸಲೀಸಾದ ತಮಿಳಿನಲ್ಲೇ ಹೇಳಿದಳು. ಪಾಲು ಏರಿತೆಂದರೆ ಅದು ಬೆಳೆಯಿತೆಂದೇ ಅಲ್ಲ, ಜೊತೆಗಿದ್ದವು ಕುಗ್ಗಿದರೂ ಪಾಲು ಏರುತ್ತದೆ ಎಂದೂ ಸೇರಿಸಿದಳು. ಟೀಚರು ಕಲಿಸಿದ ಮಾತೇ ಅದು. ಹರಿಕೃಷ್ಣ ತಲೆದೂಗಿ ಎರಡನೇ ಬಹುಮಾನ ಕೊಟ್ಟರು. ಟೀಚರಿಗೆ ಹೆಮ್ಮೆಯಾಯಿತು, ಅದರ ಬೆನ್ನಿಗೇ ಇಷ್ಟು ಸಲೀಸಾಗಿ ತಮಿಳು ಬರುವವಳು ಕನ್ನಡದಲ್ಲಿ ಉಳಿದಾಳೇ ಎಂಬ ಅಳುಕೂ ಬಂತು.

ಬಸ್ಸು ಶೂಳಗಿರಿ ದಾಟಿದ ಮೇಲೆ ವನಿತಾ ಬಾಯಿಬಿಟ್ಟಳು.

"ಮಿಸ್, ಅಪ್ಪ ಸೋಮ್ವಾರ ಟಿ.ಸಿ. ಕೇಳಕ್ಕೆ ಬತ್ತಾರೆ. ಬೇರೆ ಸ್ಕೂಲಿಗೆ ಸೇರುಸ್ತಾರಂತೆ. ಇದು ಮುಗೀಲಿ, ಆಮೇಲ್ ಹೇಳಾನ ಅಂತ ಸುಮ್ಕಿದ್ದೆ."

"ನಿಂಗೆ ಇಷ್ಟಾನಾ?"

ಹುಡುಗಿ ಬಹುಮಾನದ ತಟ್ಟೆಯನ್ನು ಮಡಿಲಲ್ಲಿ ತಿರುಗಿಸುತ್ತ ಕೂತಳು. "ಕ್ಲಾಸಲ್ಲಿ ನಾನೊಬ್ಳೇ ಅಲ್ವಾ ಮಿಸ್. ಪಕ್ಕದಾಗೆ ಯಾರಾದ್ರೂ ಇರ್ಬೇಕು ಅನ್ನುಸ್ತದೆ."

ಆ ಸಂಕಟ ಟೀಚರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಹೋಗು ಪುಟ್ಟಾ, ಚೆನ್ನಾಗಿ ಓದು ಎಂದರು. ಹೊಸೂರು ಬರುವವರೆಗೂ ಕಿಟಕಿಯಾಚೆಗೇ ನೋಡಿದರು.

ಮನೆಗೆ ಬಂದು ಅನ್ನಕ್ಕಿಟ್ಟರು. ಚಾರ್ಟಿನ ಹಿಂಬದಿ ಖಾಲಿಯಿತ್ತು. ಏನೋ ತೋಚಿ ಅದರ ಮೇಲೆ ಬಳೆಯಿಟ್ಟು ಮೂರು ವೃತ್ತ ಎಳೆದರು. ಅಪ್ಪ, ಅಮ್ಮ ಇಬ್ಬರೂ ಇದ್ದಾಗ ಈ ಮನೆಯಲ್ಲಿ ತನ್ನ ಪಾಲು ಮೂರರಲ್ಲೊಂದು. ಅಪ್ಪ ಹೋದ ಮೇಲೆ ಅರ್ಧ. ಮೂರನೆಯ ವೃತ್ತಕ್ಕೆ ಗೆರೆಯೇ ಬೇಕಿರಲಿಲ್ಲ, ಪೂರ್ತಿ ಕಪ್ಪು ಬಳಿದರು.

ನೂರಕ್ಕೆ ನೂರು. ತಾನೇನೂ ಬೆಳೆದಿರಲಿಲ್ಲ. ಒಲೆಯ ಮೇಲೆ ಅರ್ಧ ಲೋಟ ಅಕ್ಕಿ ಆಗಲೇ ಬೆಂದಿತ್ತು.