ಅರಮನೆಯ ಬಾಗಿಲು ತಿಂದ ಹಸು

ನಮ್ಮ ಹನಗೋಡಿನ ನಾಟಕ ಸಂಘಕ್ಕೆ ಇದ್ದದ್ದು ಒಂದೇ ಅರಮನೆ. ಅದನ್ನು ಪರದೆಯ ಮೇಲೆ ಬರೆದವನು ನಮ್ಮಪ್ಪ ಚಲುವಯ್ಯ. ಹರೆಯದಲ್ಲಿ ಅವನು ಹುಣಸೂರಿಗೆ ಬಂದಿದ್ದ ಒಂದು ನಾಟಕ ಕಂಪನಿಯಲ್ಲಿ ಬಣ್ಣ ಕಲಸುತ್ತಿದ್ದನಂತೆ. ಕಂಪನಿ ಮುಚ್ಚಿದಾಗ ಹರಿದ ಡೇರೆಯ ಬಟ್ಟೆಯನ್ನು ತಲೆಯ ಮೇಲೆ ಹೊತ್ತು ತಂದು ಅರಮನೆ ಬರೆದ. ಇಂಥ ಅರಮನೆ ಇಟ್ಟುಕೊಂಡು ಸುಮ್ಮನಿರುವುದು ಹೇಗೆ ಎಂದು ಊರವರು ಸಂಘ ಕಟ್ಟಿದರು. ಬಾಗಿಲ ಎರಡೂ ಕಡೆ ಆನೆಗಳು. ಅಪ್ಪ ಆನೆ ನೋಡಿದ್ದು ಕಾಕನಕೋಟೆಯಲ್ಲಿ ಕಾಡಾನೆ ಹಿಡಿದು ಕಟ್ಟುವ ಖೆಡ್ಡಾದಲ್ಲಿ ಮಾತ್ರ, ಹಾಗಾಗಿ ದೊರೆಯ ಆನೆಗಳ ಕಾಲಿಗೂ ಹಗ್ಗ.

ಮೂವತ್ತು ವರ್ಷ ಆ ಪರದೆಯನ್ನು ಎಳೆದವನೂ ಅವನೇ. ಹೊಲಿಯುವುದು, ಅಂಟು ಬಳಿಯುವುದು ಅವ್ವನಿಂದ ನನಗೆ ಬಂದ ಕೆಲಸ. ಹುರಿದ ಹುಣಸೆಬೀಜ ಬೀಸಿ, ಕುದಿಸಿ, ಪರದೆಯ ಬೆನ್ನಿಗೆ ಬಳಿದರೆ ಬಟ್ಟೆ ಸೆಟೆದು ನಿಲ್ಲುತ್ತದೆ.

ಅರವತ್ತೇಳನೇ ಇಸವಿಯಲ್ಲಿ ಸಂಘದ ಅಧ್ಯಕ್ಷರು ಶಿವನಂಜಪ್ಪನವರು ಮನೆಗೆ ಬಂದು, "ಚಲುವಯ್ಯ, ಪರದೆ ಹಳೇದಾಯ್ತು. ಮುಂದಿನ ವರ್ಷದಿಂದ ಮೈಸೂರಿನ ಬಾಡಿಗೆ ಪರದೆ ತರಿಸವಾ ಅಂತಿದೀವಿ. ಎಳಿಯೋರೂ ಅಲ್ಲಿಂದ್ಲೇ ಬತ್ತಾರೆ. ನೀನು ಮುಂದ್ಗಡೆ ಕುರ್ಚಿ ಮೇಲೆ ಕೂತ್ಕೊಂಡು ನೋಡು" ಎಂದರು.

"ಮುಂದ್ಗಡೆ ಕೂತು ನಾನೇನ್ ನೋಡ್ಲಿ ಅಧ್ಯಕ್ಷ್ರೇ?" ಎಂದ ಅಪ್ಪ. ಅವತ್ತು ಮುದ್ದೆ ಅರ್ಧಕ್ಕೇ ಬಿಟ್ಟ.

ಈ ವರ್ಷ ಪರದೆ ಹೊಸದರಂತೆ ಕಾಣಬೇಕು, ಆಗಲಾದರೂ ಅವರ ಮನಸ್ಸು ತಿರುಗೀತು ಎಂದುಕೊಂಡು ನಾನು ಎರಡು ಪಟ್ಟು ಅಂಟು ಬಳಿದೆ. ನಾಟಕದ ದಿನ ಬೆಳಿಗ್ಗೆ ಹೊಳೆದಂಡೆಯಲ್ಲಿ ಮರದಿಂದ ಮರಕ್ಕೆ ಹಗ್ಗ ಕಟ್ಟಿ ಒಣಹಾಕಿದೆ. ಮೂರು ಮಕ್ಕಳು, ನಾಟಿ ಕೆಲಸ, ಮೇಲೆ ಇದು. ಹೊಂಗೆ ನೆರಳಲ್ಲಿ ಕೂತದ್ದಷ್ಟೇ ಗೊತ್ತು, ಕಣ್ಣು ಮುಚ್ಚಿಹೋಯಿತು.

ಎಚ್ಚರಾದಾಗ ನಮ್ಮ ಕೆಂದ ಹಸು ಮೂತಿಗೆ ಅಂಟು ಮೆತ್ತಿಕೊಂಡು ಮೆಲುಕು ಹಾಕುತ್ತಿತ್ತು. ಎರಡು ಆನೆಗಳ ನಡುವೆ ಬಾಗಿಲೇ ಇರಲಿಲ್ಲ. ಆಳು ಹೋಗುವಷ್ಟು ತೂತು. ಅದರಾಚೆ ಲಕ್ಷ್ಮಣತೀರ್ಥ ತಣ್ಣಗೆ ಹರಿಯುತ್ತಿತ್ತು.

ಅಪ್ಪ ಬಂದು ತೂತಿನ ಅಂಚನ್ನು ಬೆರಳಲ್ಲಿ ಸವರಿ ನೋಡಿದ.

"ಆನೆ ಮುಟ್ಟಿಲ್ಲ. ಬಾಗ್ಲೇ ಯಾಕ್ ತಿಂತು ಇದು?"

"ಬಾಗ್ಲಿಗೆ ಅಸಿರು ಬಣ್ಣ ಒಡ್ದೋನು ನೀನಲ್ವಾ" ಎಂದೆ. ಅಳು ಬಂದಿತ್ತು, ಆದರೂ ಬಾಯಿ ಸುಮ್ಮನಿರಲಿಲ್ಲ.

ಅಪ್ಪ ಪರದೆಯ ಹಿಂದಕ್ಕೆ ಹೋಗಿ ತೂತಿನೊಳಗೆ ಕೈ ಹಾಕಿದ, ತಲೆ ಹಾಕಿದ, ಆಮೇಲೆ ಇಡೀ ಮನುಷ್ಯನೇ ದಾಟಿ ಈಚೆ ಬಂದ. ಆನೆಗಳ ನಡುವೆ ನಿಂತು ಪಂಚೆ ಸರಿಮಾಡಿಕೊಂಡ. ತಾನೇ ಬರೆದ ಅರಮನೆಯಿಂದ ಅವನು ಹೊರಗೆ ಬಂದದ್ದು ಅದೇ ಮೊದಲು.

"ಸಿದ್ದಲಿಂಗಿ, ಇದನ್ನ ಒಲೀಬ್ಯಾಡ ಕಣವ್ವ. ಅಂಚು ಮಾತ್ರ ಮಡ್ಚಿ ಒಲಿ. ನಿನ್ನ ಧಾರೆ ಸೀರೆ ಐತಾ?"

ಅರಿಶಿನದ ಬಣ್ಣ, ಕೆಂಪಂಚಿನ ಸೀರೆ. ಮಧ್ಯಕ್ಕೆ ಕತ್ತರಿಸಿ ಆ ತೂತಿಗೆ ಎರಡು ಕಡೆ ಇಳಿಬಿಟ್ಟೆ.

ನಮ್ಮೂರಿನ ದೊರೆಗಳೆಲ್ಲ ಅದುವರೆಗೆ ಅರಮನೆಯ ಗೋಡೆ ಪಕ್ಕದ ಸಂದಿಯಿಂದಲೇ ಬರುತ್ತಿದ್ದವರು. ಆ ರಾತ್ರಿ ನಾನು ಹಿಂದೆ ನಿಂತು ಸೀರೆ ಸರಿಸಿದೆ, ದೊರೆಯ ಪಾತ್ರದ ಹುಚ್ಚಯ್ಯ ಬಾಗಿಲಿಂದ ನಡೆದು ಬಂದ.

"ಲೇ, ದೊರೆ ಇವತ್ತು ಮನೆ ಒಳಗಿಂದ್ಲೇ ಬಂದ ಕಣ್ಲಾ" ಎಂದರು ಯಾರೋ. ಆಮೇಲೆ ಬಿದ್ದ ಸಿಳ್ಳೆಗೆ ಪೆಟ್ರೋಮ್ಯಾಕ್ಸ್ ನಡುಗಿತು. ಹುಚ್ಚಯ್ಯನಿಗೆ ಎಷ್ಟು ಖುಷಿಯಾಯಿತೆಂದರೆ, ಮಾತು ಬಿಟ್ಟು ಒಳಗೆ ಹೋಗಿ ಇನ್ನೊಂದು ಸಲ ಬಂದ. ಅಲ್ಲಿಂದ ಎಲ್ಲರಿಗೂ ಬಾಗಿಲೇ ಬೇಕು. ಮಂತ್ರಿ, ದೂತ, ಹಾಸ್ಯಗಾರ ಎಲ್ಲ ಸಾಲು ನಿಂತರು. ಕೋಟೆ ಮುರಿದು ನುಗ್ಗಬೇಕಾದ ಶತ್ರುರಾಜನೂ, "ಅಕ್ಕ, ಸೀರೆ ಸರ್ಸಿ" ಎಂದ.

ಮಂಗಳ ಮುಗಿದ ಮೇಲೆ ಅಧ್ಯಕ್ಷರು ಹಿಂದೆ ಬಂದು ಸೀರೆ ಮುಟ್ಟಿ ನೋಡಿದರು.

"ಮೈಸೂರಿನ ಪರದೇಲಿ ಇಂಥ ಬಾಗ್ಲು ಇರ್ತದಾ ಚಲುವಯ್ಯ?"

"ಇರಾಕಿಲ್ಲ. ಬೇಕಾದ್ರೆ ನಮ್ಮ ಕೆಂದ ಅಸೂನೂ ಮೈಸೂರಿಗೆ ಕಳಿಸ್ಬೇಕಾಯ್ತದೆ."

ಶಿವನಂಜಪ್ಪನವರು ಬಿದ್ದು ಬಿದ್ದು ನಕ್ಕರು. "ಬ್ಯಾಡ ಬುಡು. ಮುಂದಿನ ವರ್ಷಾನೂ ಪರದೆ ಅಗ್ಗ ನೀನೇ ಇಡ್ಕೊ."

ಬೆಳಿಗ್ಗೆ ಕೊಟ್ಟಿಗೆಗೆ ಹೋದರೆ ಅಪ್ಪ ಆಗಲೇ ಅಲ್ಲಿದ್ದ. ಹಸುವಿನ ಬಾಯಿಗೆ ಬೆಲ್ಲ ಕೊಡುತ್ತಾ ನನ್ನ ಕಡೆ ತಿರುಗಿ ಹೇಳಿದ: "ಮುಂದಿನ್ ಸಲ ಮೇಲ್ಗಡೆ ಒಂದು ಕಿಟಕಿ ಬೇಕು ಕಣವ್ವ. ಪರದೇನ ಒಸಿ ಇಳಿಸಿ ಕಟ್ಟು."