ಮೂರು ಸಲ ಬಣ್ಣ ಬಳಿದ ಮೀನುಗಾಡಿ

ನನಗೊಂದು ಸಣ್ಣ ಚಿಂತೆಯಿದೆ. ಇದುವರೆಗೆ ಯಾರಲ್ಲೂ ಹೇಳಿಕೊಂಡಿಲ್ಲ. ಬಿಸಿಲೇರಿದಾಗ ನನ್ನ ಮೈ ನಾರುತ್ತದೆಯೇ? ಈಗ ಹಾಸನದ ಒಂದು ಗ್ಯಾರೇಜಿನ ಹಿಂದೆ, ಚಕ್ರಗಳಿಲ್ಲದೆ ಕಲ್ಲುಗಳ ಮೇಲೆ ಕೂತಿದ್ದೇನೆ. ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿದೆ. ಅದಕ್ಕೇನೂ ಬೇಸರವಿದ್ದಂತಿಲ್ಲ. ಆದರೂ ಮಧ್ಯಾಹ್ನವಾದರೆ ಈ ಚಿಂತೆ ಬಿಡುವುದಿಲ್ಲ.

ನಾನು ಒಂದು ವ್ಯಾನು. ಕಾರ್ಖಾನೆಯಿಂದ ಹೊರಬಂದಾಗ ಹಾಲಿನಂತೆ ಬೆಳ್ಳಗಿದ್ದೆ. ಮೊದಲು ಕೊಂಡವನು ಗಂಗೊಳ್ಳಿಯ ಹಸನಬ್ಬ. ಮೀನು ಮಾರುವ ಹೆಂಗಸರನ್ನೂ ಅವರ ಬುಟ್ಟಿಗಳನ್ನೂ ಬಂದರಿನಿಂದ ತುಂಬಿಕೊಂಡು ಊರೂರಿಗೆ ಇಳಿಸುವುದು ನಮ್ಮ ಕೆಲಸ. ಮಂಜುಗಡ್ಡೆ ಕರಗಿದ ನೀರು ನೆಲಹಾಸಿನಡಿ ಇಳಿದು ತಗಡಿನ ಸಂದಿಗಳಲ್ಲಿ ಮನೆಮಾಡಿತು.

ಆ ಹೆಂಗಸರಲ್ಲಿ ತ್ರಾಸಿಯ ಬಾಬಿಯೂ ಒಬ್ಬಳು. ಶಾಲೆಗೆ ರಜೆಯಿದ್ದರೆ ಮಗಳು ವಿನುತಾಳನ್ನು ಮಡಿಲಲ್ಲಿ ಕೂರಿಸಿಕೊಂಡು ಬರುತ್ತಿದ್ದಳು. ಆರು ವರ್ಷದ ಆ ಮಗು ದಾರಿಯ ಬೋರ್ಡುಗಳನ್ನೆಲ್ಲ ದನಿಯಿಲ್ಲದೆ ತುಟಿಯಲ್ಲೇ ಓದುತ್ತಿತ್ತು. ಒಂದು ದಿನ ಅಮ್ಮನ ಸೇಫ್ಟಿ ಪಿನ್ನಿನಿಂದ ನನ್ನ ಬಾಗಿಲ ಒಳಬದಿಗೆ ‘ವಿ’ ಎಂದು ಕೆರೆಯಿತು.

“ಹಸನಬ್ಬ ಕಂಡ್ರೆ ನಿನ್ನನ್ನೂ ಬುಟ್ಟಿಗ್ ಹಾಯ್ಕಂಡ್ ಮಾರ್ತ, ಕಾಣ್!” ಎಂದು ಬಾಬಿ ಗದರಿದಳು. ಹಸನಬ್ಬ ಕಂಡ. ನಕ್ಕುಬಿಟ್ಟ.

ವಯಸ್ಸಾಯಿತೆಂದು ಅವನು ನನ್ನನ್ನು ಮಾರಿದ. ಕೊಂಡವರು ಹಾಸನದಲ್ಲಿ ಶಾಮಿಯಾನ ಬಾಡಿಗೆಗೆ ಕೊಡುವ ರಂಗಪ್ಪ. ಸೋಪಿನ ನೀರು, ಫಿನಾಯಿಲು, ಮೂರು ಸಲ ಬಣ್ಣ, ಮೇಲೆ ಕನ್ನಡಿಗೆ ತೂಗುಬಿಟ್ಟ ಮಲ್ಲಿಗೆ ಸೆಂಟು. ಮದುವೆ ಮನೆಗಳ ಮುಂದೆ ನಿಂತು ಹುಟ್ಟಿದ್ದೇ ಮಲ್ಲಿಗೆ ತೋಟದಲ್ಲಿ ಎಂಬಂತೆ ಬೀಗುತ್ತಿದ್ದೆ. ನೆನೆದರೆ ಈಗ ನಾಚಿಕೆಯಾಗುತ್ತದೆ.

ಡಿಗ್ರಿ ಮುಗಿದ ಮರುವರ್ಷ ರಂಗಪ್ಪನ ಮಗಳು ಮೇಘಶ್ರೀ ಹಾಸ್ಟೆಲಿನ ಹಳೆಯ ಗೆಳತಿಯರಿಬ್ಬರೊಂದಿಗೆ ಕರಾವಳಿ ಸುತ್ತಲು ನನ್ನನ್ನು ಹೊರಡಿಸಿದಳು. ಅವಳ ಪಕ್ಕದಲ್ಲಿ ರೂಪಿಣಿ. ಹಿಂದೆ ಮಾತು ಕಡಿಮೆಯ ಹುಡುಗಿಯೊಬ್ಬಳು, ತೊಡೆಯ ಮೇಲೆ ಡೈರಿ. ಬರೆಯುವಾಗ ಅವಳ ತುಟಿ ಅಲ್ಲಾಡುತ್ತಿತ್ತು. ಆ ತುಟಿ ಕಂಡೇ ಗುರುತು ಹಿಡಿದೆ. ಬಾಬಿಯ ವಿನುತಾ!

ಕಾಪುವಿನಲ್ಲಿ ಸಮುದ್ರ ನೋಡಿದರು, ಮಲ್ಪೆಯಲ್ಲಿ ಊಟಕ್ಕೆ ಕೂತರು. ಗೆಳತಿಯರಿಬ್ಬರೂ ಬಂಗುಡೆ ಸಾರಿಗೆ ಬೆರಳು ಚೀಪುತ್ತಿದ್ದರೆ, ವಿನುತಾ ನೀರುದೋಸೆಗೆ ಕಾಯಿಚಟ್ನಿ ಹಾಕಿಸಿಕೊಂಡಳು.

“ಕಡಲೂರಲ್ಲಿ ಹುಟ್ಟಿ ಚಟ್ನಿ ತಿಂತೀಯಲ್ಲೇ, ಸಮುದ್ರಕ್ಕೇ ಅವಮಾನ ಕಣೇ!” ಎಂದಳು ರೂಪಿಣಿ, ನನ್ನೊಳಗೆ ಬಂದು ಕೂತ ಮೇಲೂ ನಗುತ್ತ.

ವಿನುತಾ ಡೈರಿ ತೆರೆದಳು. ತುಟಿಯಲ್ಲಿ ಬಂದದ್ದು ನನಗಷ್ಟೇ ತಿಳಿಯಿತು. ‘ಹಾಸ್ಟೆಲಿನ ಮೊದಲ ವಾರ. ಅಮ್ಮ ಕಟ್ಟಿಕೊಟ್ಟ ಒಣ ಸಿಗಡಿ ಚಟ್ನಿಯ ಡಬ್ಬಿ. ಯಾರದಿದು, ರೂಮೆಲ್ಲ ನಾರ್ತಿದೆ ಅಂದಳು ರೂಪಿಣಿ. ನನ್ನದಲ್ಲ, ನಾನು ಮೀನೇ ಮುಟ್ಟೋದಿಲ್ಲ ಅಂದೆ. ಅವಳು ಡಬ್ಬಿಯನ್ನು ಕಸಕ್ಕೆ ಹಾಕಿದಳು. ನಾನು ನೋಡುತ್ತ ನಿಂತೆ.’

ಅಷ್ಟರಲ್ಲಿ ಬಿಸಿಲೇರಿತು. ಸಂದಿಗಳಲ್ಲಿದ್ದ ನನ್ನ ಹಳೆಯ ವಾಸನೆ ಮೆಲ್ಲಗೆ ಎದ್ದಿತು. ರೂಪಿಣಿ ಮೂಗು ಮುದುಡಿದಳು. ವಿನುತಾ ಯಾರಿಗೂ ಕಾಣದಂತೆ ತನ್ನ ತೋಳನ್ನೇ ಮೂಸಿ ನೋಡಿಕೊಂಡಳು. ‘ನಿನ್ನದಲ್ಲ ಮಗಳೇ, ನನ್ನದು’ ಎನ್ನಲು ನನಗೆ ಬಾಯಿರಲಿಲ್ಲ.

ತ್ರಾಸಿ ಹತ್ತಿರವಾದಾಗ ಅವಳು, “ಇಲ್ಲೇನಿಲ್ಲ, ಮುಂದೆ ಹೋಗೋಣ,” ಎಂದಳು. ಆದರೆ ರಸ್ತೆ ಬದಿಯಲ್ಲಿ ಬಣ್ಣದ ಕೊಡೆ, ಅದರಡಿ ಮೀನಿನ ಬುಟ್ಟಿ ಕಂಡು ಮೇಘಶ್ರೀ ಬ್ರೇಕ್ ಹಾಕಿಬಿಟ್ಟಳು.

ಕೊಡೆಯಡಿ ಕೂತಿದ್ದವಳು ಬಾಬಿ. ಕಿಟಕಿಯಲ್ಲಿ ಮಗಳನ್ನು ಕಂಡು ಅವಳ ಮುಖ ಅರಳಿತು. ಮಗಳು ತಲೆ ತಗ್ಗಿಸಿದಳು. ಅರಳಿದ ಮುಖ ಒಂದೇ ಕ್ಷಣದಲ್ಲಿ ವ್ಯಾಪಾರದ ಮುಖವಾಯಿತು.

“ಬನ್ನಿ ತಂಗಿ, ಬಂಗ್ಡಿ ಕಾಣಿ. ಈಗಷ್ಟೇ ಬಂದದ್.”

ಮೇಘಶ್ರೀ ಒಂದು ಚೀಲ ಬಂಗುಡೆ ಕೊಂಡಳು. ವ್ಯಾಪಾರ ಮುಗಿದ ಮೇಲೆ ಪ್ರೀತಿಗೆಂದು ಒಂದು ಮೀನು ಹೆಚ್ಚಿಗೆ ಹಾಕುವುದು ಬಾಬಿಯ ರೂಢಿ. ಕೊಸರು ಎನ್ನುತ್ತಾರೆ ಅದಕ್ಕೆ. ಅಂದು ಬುಟ್ಟಿಯ ತಳದಿಂದ ಉದ್ದನೆಯ ಕಾಣೆ ಮೀನೊಂದನ್ನು ತೆಗೆದಳು. ಕಾಣೆಯೆಂದರೆ ಚಿಕ್ಕಂದಿನಲ್ಲಿ ವಿನುತಾಗೆ ಪ್ರಾಣ. ಬಾಬಿಯ ಕೈ ತಾನಾಗಿಯೇ ಹಿಂದಿನ ಕಿಟಕಿಯತ್ತ ಹೋಯಿತು.

“ಅವಳಿಗೆ ಬೇಡಮ್ಮಾ, ಮೀನು ಕಂಡ್ರೇನೇ ಆಗಲ್ಲ ಅವಳಿಗೆ,” ಎಂದಳು ಮೇಘಶ್ರೀ.

ಕೈ ಗಾಳಿಯಲ್ಲೇ ನಿಂತಿತು. “ಹೌದಾ? ಅಡ್ಡಿಲ್ಲ. ಕೆಲವ್ರಿಗೆ ವಾಸ್ನಿ ಆತಿಲ್ಲೆ.” ಕಾಣೆಯನ್ನು ಮೇಘಶ್ರೀಯ ಚೀಲಕ್ಕೆ ಹಾಕಿ, ಸೆರಗಿಗೆ ಕೈ ಒರೆಸಿಕೊಂಡು, ಕಿಟಕಿಯತ್ತ ನೋಡದೆಯೇ ಹೇಳಿದಳು: “ನೀವ್ ಬೇಜಾರ್ ಮಾಡ್ಕಂಬೇಡಿ, ಆಯ್ತಾ?”

ಹೆತ್ತ ಮಗಳಿಗೆ ‘ನೀವು’! ನನ್ನ ತಗಡು ಕೂಡ ಕುಗ್ಗಿಹೋಯಿತು.

ಎಂಜಿನ್ ಚಾಲೂ ಆಯಿತು. “ಅಯ್ಯೋ, ಆಯಮ್ಮನ ನಾತ ಗಾಡಿಗೆಲ್ಲ ಹತ್ಕೊಂಡ್ತಲ್ಲೇ!” ರೂಪಿಣಿ ಮೂಗು ಮುಚ್ಚಿಕೊಂಡಳು.

ವಿನುತಾಳ ಬೆರಳು ಬಾಗಿಲ ಒಳಬದಿಯಲ್ಲಿ ಹಿಡಿಗಾಗಿ ತಡಕಾಡುತ್ತಿತ್ತು. ಬಣ್ಣದಡಿ ಏನೋ ಒರಟಾಗಿ ತಾಗಿ ನಿಂತಿತು. ಒಮ್ಮೆ ಸವರಿತು, ಇನ್ನೊಮ್ಮೆ ಸವರಿತು. ‘ವಿ’. ಅವಳು ತಲೆಯೆತ್ತಿ ನನ್ನ ಒಳಗನ್ನೆಲ್ಲ ನೋಡಿದಳು, ಗಾಳಿಯನ್ನು ಉದ್ದಕ್ಕೆ ಎಳೆದುಕೊಂಡಳು.

ತುಕ್ಕು ಹಿಡಿದು, ಎರಡು ಮೂರು ಸಲ ಎಳೆಯದೆ ಸರಿಯದ ಬಾಗಿಲು ನನ್ನದು. ಅಂದು ಒಂದೇ ಎಳೆತಕ್ಕೆ ಬಿಟ್ಟುಕೊಟ್ಟೆ. ಬದುಕಿನಲ್ಲಿ ನನ್ನಿಂದಾದದ್ದು ಅಷ್ಟೇ.

ಅವಳು ಕೆಳಗಿಳಿದು ಅಮ್ಮನ ಒದ್ದೆ ಕೈಯನ್ನು ಹಿಡಿದುಕೊಂಡಳು. ತುಟಿ ಎಂದಿನಂತೆ ಅಲ್ಲಾಡಿತು. ಆಮೇಲೆ ದನಿಯೂ ಬಂತು.

“ರೂಪಿ, ಹಾಸ್ಟೆಲಲ್ಲಿ ನೀನು ಕಸಕ್ಕೆ ಹಾಕಿದ ಆ ಡಬ್ಬಿ ನನ್ನದು. ಕಟ್ಟಿಕೊಟ್ಟಿದ್ದು ಇವಳು. ನನ್ನ ಅಮ್ಮ.”