ಸುಟ್ಟ ಕೈಯ ಸಹಿ

ಯಾರ ಮನೆಗೆ ಹೋದರೂ ಅವನು ಮೊದಲು ತಲೆಯೆತ್ತಿ ಚಾವಣಿ ನೋಡುತ್ತಿದ್ದ. ಮನೆಯವರು "ಬನ್ನಿ, ಕೂತ್ಕೊಳ್ಳಿ" ಎನ್ನುತ್ತಿದ್ದರೆ ಇವನು ಹೊಸ್ತಿಲಲ್ಲೇ ನಿಂತು, ಬಾಯನ್ನು ತುಸು ತೆರೆದು, ಎಡಗಿವಿಯನ್ನು ಮೇಲಕ್ಕೆ ಕೊಟ್ಟು, ತಿರುಗುತ್ತಿರುವ ಫ್ಯಾನಿನ ಸದ್ದು ಕೇಳುತ್ತಿದ್ದ. ಮದುವೆಮನೆಯಾದರೂ ಅಷ್ಟೆ, ಸಾವಿನ ಮನೆಯಾದರೂ ಅಷ್ಟೆ. ನನ್ನ ತಂದೆ ತೀರಿಕೊಂಡ ದಿನ ಎಲ್ಲರಿಗಿಂತ ಮೊದಲು ಬಂದವನು ಅವನು. ಬಂದವನು ನನ್ನ ಹೆಗಲ ಮೇಲೆ ಕೈಯಿಟ್ಟು, ಮೇಲೆ ನೋಡಿ, "ಫ್ಯಾನಿನ ಬುಷ್ ಸವೆದಿದೆ ಮೇಷ್ಟ್ರೇ" ಎಂದ. ಸುತ್ತಲಿದ್ದವರು ಮುಖ ಮುಖ ನೋಡಿಕೊಂಡರು. ನನಗೆ ಮಾತ್ರ ಆ ದಿನ ಕೇಳಿದ ಸಾಂತ್ವನಗಳಲ್ಲಿ ಅದೊಂದೇ ಮನಸ್ಸಿಗೆ ಇಳಿಯಿತು. ಮರುದಿನ ಏಣಿ ಹೊತ್ತು ಬಂದು ಫ್ಯಾನನ್ನು ಇಳಿಸಿಕೊಂಡು ಹೋದ.

ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ನಾನು ಓದನ್ನೇ ಹಿಡಿದುಕೊಂಡು ಮೇಷ್ಟ್ರಾದೆ. ಅವನು ಸುಟ್ಟುಹೋದ ಮೋಟಾರುಗಳಿಗೆ ಹೊಸ ತಂತಿ ಸುತ್ತುವ, ಎಂದರೆ ಕಾಯಿಲ್ ಕಟ್ಟುವ, ಕಸುಬು ಹಿಡಿದು ಬೀದಿಗೆಲ್ಲ 'ಕಾಯಿಲ್ ಅಣ್ಣ'ನಾದ. ಅವನು ನನ್ನನ್ನು 'ಮೇಷ್ಟ್ರೇ' ಎಂದು ಬಹುವಚನದಲ್ಲಿ ಕರೆದು, ಮುಂದಿನ ಮಾತನ್ನೆಲ್ಲ ಏಕವಚನದಲ್ಲಿ ಆಡುತ್ತಿದ್ದ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನ ಅಂಗಡಿ. ಒಂದೇ ಕೋಣೆ, ಅರ್ಧಕ್ಕೇ ಸಿಕ್ಕಿಕೊಳ್ಳುವ ಷಟರು, ತಾಮ್ರದ ತಂತಿಯ ಸುರುಳಿಗಳು, ಮೂಲೆಯಲ್ಲಿ ವಾರ್ನಿಶ್ ಒಣಗಿಸುವ ತಗಡಿನ ಒಲೆ. ಭಾರದ ಮೋಟಾರುಗಳನ್ನು ಒಂದೇ ಭುಜಕ್ಕೆ ಹೊತ್ತು ಹೊತ್ತು ಬಲಗಡೆ ವಾಲಿದ ಅವನ ನಡಿಗೆಯನ್ನು ಬೀದಿಯ ಆ ತುದಿಯಿಂದಲೇ ಗುರುತು ಹಿಡಿಯಬಹುದಿತ್ತು. ಅವನ ಖಾಕಿ ಕೋಟಿನ ತೋಳುಗಳಿಗೆ ವಾರ್ನಿಶ್ ಹಿಡಿದು ಹಿಡಿದು ಅವು ಹಲಗೆಯಂತಾಗಿದ್ದವು. ಮೊಳೆಗೆ ನೇತುಹಾಕಿದರೆ, ಒಳಗೆ ಇನ್ನೂ ಯಾರದೋ ಕೈಗಳಿವೆಯೇನೋ ಎಂಬಂತೆ ಮಡಚಿಕೊಂಡೇ ನಿಲ್ಲುತ್ತಿದ್ದವು.

'ಬಿಚ್ಚಿ ನೋಡೋಣ' ಎಂಬುದು ಅವನ ಮಾತು. ಮೋಟಾರಿಗೂ ಅದೇ, ನನ್ನ ಜ್ವರಕ್ಕೂ ಅದೇ, ಚುನಾವಣೆಯಲ್ಲಿ ಯಾರು ಗೆಲ್ಲುತ್ತಾರೆಂದು ಕೇಳಿದರೂ ಅದೇ. ಗಿರಾಕಿಗಳು "ಅಂದಾಜು ಏನಾಗಿರಬಹುದು ಹೇಳಣ್ಣ" ಎಂದರೆ, "ಬಿಚ್ಚದೆ ಹೇಳೋಕೆ ನಾನೇನು ಜ್ಯೋತಿಷಿನಾ?" ಎನ್ನುತ್ತಿದ್ದ. ಹಿಟ್ಟಿನ ಗಿರಣಿಯವನೊಬ್ಬ ಸುಟ್ಟ ಮೋಟಾರು ತಂದು, "ಮೇಲೆ ಒಂದು ಕೈ ವಾರ್ನಿಶ್ ಹೊಡೆದು ಓಡೋ ಹಾಗೆ ಮಾಡಿಕೊಡು ಸಾಕು, ನಾನೇನು ಇಟ್ಕೊಳಲ್ಲ, ಮಾರಿಬಿಡ್ತೀನಿ" ಎಂದ. ಇವನು ಮೋಟಾರನ್ನು ಅವನ ಕಾಲ ಬಳಿಗೇ ಸರಿಸಿ, "ತಗೊಳೋನೂ ಒಬ್ಬ ಇರ್ತಾನಲ್ಲಪ್ಪ" ಎಂದ. ಗಿರಣಿಯವನು ಮತ್ತೆ ಆ ಕಡೆ ಸುಳಿಯಲಿಲ್ಲ. ಇಂಥವನಿಗೆ ದುಡ್ಡು ಕೈ ಹತ್ತುವುದು ಕಷ್ಟ. ಹೇಳಿದ ದಿನಕ್ಕೆ ಕೆಲಸ ಕೊಡುವ ಅಭ್ಯಾಸವೂ ಅವನಿಗೆ ಇರಲಿಲ್ಲವೆಂಬುದನ್ನು ಗೆಳೆಯನಾದ ನಾನು ಮುಚ್ಚಿಡಬಾರದು. ಬೇಸಿಗೆಯಲ್ಲಿ ಕೊಟ್ಟ ಫ್ಯಾನು ಚಳಿಗಾಲಕ್ಕೆ ಬರುತ್ತದೆಂದು ಜನ ಆಡಿಕೊಳ್ಳುತ್ತಿದ್ದರು.

ಅವನಿಗೆ ಒಬ್ಬಳೇ ತಂಗಿ. ಅಣ್ಣ ಎಷ್ಟು ಮೌನಿಯೋ ಅವಳು ಅಷ್ಟು ಮಾತುಗಾತಿ. ಸ್ವಂತ ಬ್ಯೂಟಿ ಪಾರ್ಲರ್ ತೆರೆಯಬೇಕೆಂದು ಬ್ಯಾಂಕಿನಲ್ಲಿ ಸಾಲ ಕೇಳಿದಳು. ಬ್ಯಾಂಕಿನವರು ಜಾಮೀನು ಕೇಳಿದರು. ಸರಿಯಾಗಿ ಅದೇ ವಾರ ಒಲೆಯ ವಾರ್ನಿಶ್ ಹೊತ್ತಿಕೊಂಡು ಅವನ ಬಲಗೈ ಸುಟ್ಟಿತ್ತು. ಹೆಂಡತಿ ಬಟ್ಟೆ ಸುತ್ತಿ ಕಳಿಸಿದ ಕೈಯಲ್ಲೇ ಹೋಗಿ, ಎರಡು ಬೆರಳ ನಡುವೆ ಪೆನ್ನು ಸಿಕ್ಕಿಸಿಕೊಂಡು, ಹಲ್ಲು ಕಚ್ಚಿ ಸಹಿ ಹಾಕಿದ. ತಂಗಿ ಅದನ್ನು ನೋಡಿ, "ಅಣ್ಣಾ, ಕಾಗೆ ಕಾಲು ಗುಬ್ಬಿ ಕಾಲು ಆಯ್ತಲ್ಲೋ! ಮ್ಯಾನೇಜರು ನನ್ನನ್ನ ಒಳಗೆ ಹಾಕಿಸ್ತಾನೆ" ಎಂದು ನಕ್ಕಳಂತೆ. ಆ ನಗುವನ್ನು ಅವನು ನನಗೆ ಎಷ್ಟೋ ಸಲ ವರ್ಣಿಸಿದ್ದಾನೆ. ವರ್ಣಿಸಲು ಬಾರದವನು ವರ್ಣಿಸುವ ರೀತಿಯಲ್ಲಿ, ಅರ್ಧಕ್ಕೆ ನಿಲ್ಲಿಸಿ.

ಪಾರ್ಲರ್ ಚೆನ್ನಾಗಿಯೇ ನಡೆಯಿತು. ಆಮೇಲೆ ಅವಳಿಗೆ ಕಾಯಿಲೆ ಬಂತು, ಬಂದದ್ದು ಅವಳನ್ನು ಕರೆದುಕೊಂಡೇ ಹೋಯಿತು. ಅವಳ ಗಂಡ ಪಾರ್ಲರಿನ ಕನ್ನಡಿ ಕುರ್ಚಿಗಳನ್ನು ಮಾರಿ ಎಲ್ಲಿಗೋ ಹೊರಟುಹೋದ. ಕಂತುಗಳು ನಿಂತು ಎಷ್ಟೋ ತಿಂಗಳಾದ ಮೇಲೆ ಬ್ಯಾಂಕಿನ ಮನುಷ್ಯ ಹುಡುಕಿಕೊಂಡು ಬಂದಾಗಲೇ ಇವನಿಗೆ ವಿಷಯ ತಿಳಿದದ್ದು. "ಸಹಿ ಹಾಕಿದ್ದೀನಲ್ಲ" ಎಂದ, ಅಷ್ಟೆ. ವರ್ಷಗಟ್ಟಲೆ ಕಟ್ಟಿದ. ಬಡ್ಡಿಯೂ ಸೇರಿ ಎಲ್ಲವನ್ನೂ ಕಟ್ಟಿ ಮುಗಿಸಿದ ದಿನ ನನ್ನನ್ನು ಕರೆದು ಟೀ ಕುಡಿಸಿದ; ಯಾಕೆಂದು ಹೇಳಲಿಲ್ಲ, ನಾನೇ ಊಹಿಸಿದೆ.

ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅವನ ಅಂಗಡಿಯಿದ್ದ ಕಟ್ಟಡದ ಹಳೆಯ ಮಾಲೀಕರು ತೀರಿಕೊಂಡು, ಮಕ್ಕಳು ಕೋಣೆಗಳನ್ನು ಬಿಡಿಬಿಡಿಯಾಗಿ ಮಾರಲು ಹೊರಟರು. "ಮೊದಲು ನಿಮ್ಮನ್ನೇ ಕೇಳ್ತಿದೀವಿ, ವರ್ಷದ ಕೊನೆವರೆಗೂ ಕಾಯ್ತೀವಿ" ಎಂದರು. ಮೂವತ್ತು ವರ್ಷ ಕೂತ ಜಾಗ. ಸಾಲ ಕೇಳಲು ಹೋದರೆ ಬ್ಯಾಂಕಿನ ಅಧಿಕಾರಿ ಕಂಪ್ಯೂಟರನ್ನು ಇವನತ್ತ ತಿರುಗಿಸಿ ತೋರಿಸಿದ: ಕ್ರೆಡಿಟ್ ಸ್ಕೋರ್ ನೆಲ ಕಚ್ಚಿತ್ತು. ಅಲ್ಲಿ ಎರಡು ಕಲೆಗಳಿದ್ದವು. ತಂಗಿಯ ಸಾಲದ ಕಂತುಗಳು ತಿಂಗಳುಗಟ್ಟಲೆ ತಪ್ಪಿದ್ದವು ಎಂಬುದು ಒಂದು, ಅದು ನಿಜ. ಆ ಸಾಲ ಇನ್ನೂ ತೀರಿಲ್ಲ ಎಂಬುದು ಇನ್ನೊಂದು, ಅದು ಸುಳ್ಳು. ಕಟ್ಟಿಸಿಕೊಂಡವರು ಕಟ್ಟಿದ್ದಾನೆಂದು ಬರೆಯಲು ಮರೆತಿದ್ದರು.

ಅತ್ತಿಗೆ, ಎಂದರೆ ಅವನ ಹೆಂಡತಿ, ಎಲ್ಲಿಂದಲೋ ಒಂದು ಕಂಪನಿಯ ವಿಳಾಸ ಹಿಡಿದು ತಂದರು. ಹಣ ಕೊಟ್ಟರೆ ಕ್ರೆಡಿಟ್ ರಿಪೇರಿ ಮಾಡಿಕೊಡುತ್ತಾರಂತೆ. "ರಿಪೇರಿನಾ? ಹಾಗಾದ್ರೆ ನಮ್ಮ ಕಸುಬಿನೋರೇ ಬಿಡು" ಎಂದು ಇವನು ನಕ್ಕ. ಅತ್ತಿಗೆ ನಗಲಿಲ್ಲ. ಅವರು ಆಗಲೇ ಮುಂಗಡ ಕಟ್ಟಿ ಬಂದಿದ್ದರು.

ನಾನೂ ಜೊತೆಗೆ ಹೋದೆ. ಗಾಜಿನ ಬಾಗಿಲು, ತಣ್ಣನೆಯ ಕೋಣೆ, ಮೇಜಿನ ಮೇಲೆ ಪ್ಲಾಸ್ಟಿಕ್ ಹೂವು. ಫ್ಯಾನಿಲ್ಲದ ಚಾವಣಿಯನ್ನು ನೋಡಿ ಇವನು ಮೊದಲೇ ಮಂಕಾದ. ಟೈ ಕಟ್ಟಿದ ಏಜೆಂಟ್ ಬಹಳ ವಿನಯವಂತ. ಹಳೆಯ ಜಾಮೀನಿನ ಪ್ರತಿಯನ್ನು ಹೇಗೋ ತರಿಸಿಟ್ಟುಕೊಂಡಿದ್ದ. ಅದರ ಮೇಲೆ ಬೆರಳಿಟ್ಟು, ಲಾಟರಿ ಹೊಡೆದವನ ಹಾಗೆ ಹಿಗ್ಗಿದ.

"ನೋಡಿ ಸಾರ್, ಈ ಸಹಿ ನಿಮ್ಮ ಬೇರೆ ಯಾವ ಸಹಿಗೂ ಹೋಲೋದೇ ಇಲ್ಲ. ಇದು ನನ್ನದಲ್ಲ ಅಂತ ಒಂದು ಮಾತು ಬರೆದುಕೊಡಿ, ಪೂರ್ತಿ ಸಾಲಾನೇ ನಿಮ್ಮ ಹೆಸರಿಂದ ಎದ್ದುಹೋಗುತ್ತೆ."

"ನನ್ನದೇ ಅದು. ಕೈ ಸುಟ್ಟಿತ್ತು."

"ಸುಟ್ಟಿದ್ದು ನಮ್ಮ ಅದೃಷ್ಟ ಅಂದ್ಕೊಳ್ಳಿ ಸಾರ್!"

ಇವನು ಬಹಳ ಹೊತ್ತು ಆ ಸಹಿಯನ್ನೇ ನೋಡಿದ. "ಅಲ್ಲಪ್ಪ, ನನ್ನದಲ್ಲ ಅಂದ್ರೆ ಮತ್ತೆ ಯಾರು ಹಾಕಿದ್ರು ಅಂತ ಕೇಳಲ್ವಾ? ಯಾರ ಹೆಸರು ಹೇಳ್ಲಿ?"

"ಸಾಲ ತಗೊಂಡವರು ನಿಮ್ಮ ತಂಗಿ ತಾನೇ ಸಾರ್? ಅವರು ಹೇಗೂ ಹೋಗಿಬಿಟ್ಟಿದಾರೆ. ಅವರಿಗೇನಾಗುತ್ತೆ ಇನ್ನು?"

ಅವನು ಸಿಟ್ಟು ಮಾಡಲಿಲ್ಲ. ಎದ್ದುನಿಂತು ಕೋಟು ಸರಿ ಮಾಡಿಕೊಂಡ. ಬಾಗಿಲ ತನಕ ಹೋದವನು ತಿರುಗಿ, ಗೋಡೆಯ ಮೇಲಿನ ಎಸಿ ತೋರಿಸಿ, "ಇದರ ಮೋಟಾರ್ ಬೇರಿಂಗ್ ಹೋಗ್ತಾ ಇದೆ. ತೋರಿಸ್ಕೊಳ್ಳಿ" ಎಂದ. ಕಟ್ಟಿದ ಮುಂಗಡ ವಾಪಸ್ ಬರಲಿಲ್ಲ.

ಆಮೇಲೆ ತಾನೇ ಹೊರಟ. ತಪ್ಪಾಗಿ ಬರೆದದ್ದನ್ನು ತಿದ್ದಿಸಲು ಯಾರಿಗೂ ದುಡ್ಡು ಕೊಡಬೇಕಾಗಿಲ್ಲ, ಪುರಾವೆ ಸಮೇತ ಕೇಳಿದರೆ ಸಾಕು ಎಂದು ಬ್ಯಾಂಕಿನ ಕೌಂಟರಿನ ಹೆಂಗಸೇ ಹೇಳಿದರಂತೆ. ಸಾಕು ಎನ್ನುವುದು ಬಾಯಿಮಾತಿಗೆ ಸುಲಭ. ಒಂದು ಕಿಟಕಿಯವರು ಇನ್ನೊಂದು ಕಿಟಕಿ ತೋರಿಸಿದರು, ಅಲ್ಲಿದ್ದವರು ಊಟಕ್ಕೆ ಹೋಗಿದ್ದರು, ಊಟದಿಂದ ಬಂದವರಿಗೆ ವರ್ಗವಾಗಿತ್ತು. ಅಂಗಡಿಗೆ ಬಂದ ಗಿರಾಕಿಗಳು ಎಳೆದ ಷಟರು ನೋಡಿ ಹಿಂದಿರುಗಿದರು. ಅವನ ಒಣಗಿದ ಕೋಟಿನ ತೋಳು ಬ್ಯಾಂಕಿನ ಕಟಕಟೆಗೆ ತಾಗಿ ಟಕ್ಕೆಂದರೆ ಸಾಕು, ಒಳಗಿನವರು ತಲೆಯೆತ್ತದೆಯೇ "ಇನ್ನೂ ಬಂದಿಲ್ಲ ಅಣ್ಣ" ಎನ್ನುವಷ್ಟು ಬಳಕೆಯಾಯಿತು. ಅಂತೂ ಒಂದು ಮಧ್ಯಾಹ್ನ ಸುಳ್ಳು ಕಲೆ ಅಳಿಸಿಹೋಯಿತು. ಸ್ಕೋರು ಸ್ವಲ್ಪ ಮೇಲೆದ್ದಿತು.

ಸಾಲ ಸಿಗುವಷ್ಟು ಏಳಲಿಲ್ಲ. ನಿಜವಾದ ಕಲೆ ಉಳಿದಿತ್ತಲ್ಲ. ಅದು ವರ್ಷಗಳು ಉರುಳಿದಂತೆ ತಾನಾಗಿ ಮಾಸಬೇಕಾದದ್ದು. "ಅದು ಇರ್ಬೇಕಾದ್ದೇ ಮೇಷ್ಟ್ರೇ. ಕಂತು ತಪ್ಪಿದ್ದು ಹೌದಲ್ಲ" ಎಂದ. ವರ್ಷದ ಕೊನೆ ಮಾತ್ರ ಕಾಯಲಿಲ್ಲ. ಕೋಣೆಯನ್ನು ಇನ್ನೊಬ್ಬರು ಕೊಂಡರು, ಸಿಕ್ಕಿಕೊಳ್ಳುವ ಷಟರನ್ನು ಕಿತ್ತು ಹೊಸದು ಹಾಕಿಸಿದರು. ಈಗ ಅಲ್ಲಿ ಮೊಬೈಲ್ ಫೋನಿನ ಕವರುಗಳನ್ನು ಮಾರುತ್ತಾರೆ.

ಅವನ ಸರಂಜಾಮೆಲ್ಲ ಮನೆಯ ನಡವೆಗೆ ಬಂತು. ಅಡುಗೆಮನೆಗೆ ಹೋಗಬೇಕಾದರೆ ಅತ್ತಿಗೆ ಮೋಟಾರುಗಳನ್ನು ದಾಟಬೇಕಿತ್ತು. ಅನ್ನಕ್ಕೂ ವಾರ್ನಿಶ್ ವಾಸನೆ. ನಾನು ಎದುರಿಗಿದ್ದಾಗಲೇ ಒಮ್ಮೆ ಅವರು ಪಾತ್ರೆ ಕುಕ್ಕಿ ಹೇಳಿದರು: "ಸತ್ತೋಳ ಮಾನ ಕಾಯೋಕೆ ಹೋಗಿ ಬದುಕಿರೋಳನ್ನ ಬೀದಿಗೆ ನಿಲ್ಲಿಸಿದ್ರಿ. ನೀವೇ ಹೇಳಿ ಮೇಷ್ಟ್ರೇ, ನಾನು ಹೇಳೋದ್ರಲ್ಲಿ ತಪ್ಪಿದ್ಯಾ?"

ಅವನೇ ತಂತಿಯಿಂದ ಕಣ್ಣೆತ್ತದೆ, "ತಪ್ಪಿಲ್ಲ" ಎಂದ.

ಬೀದಿಯಲ್ಲಿ ಹೋಗುತ್ತ ಬರುತ್ತ ಅಂಗಡಿ ಹೊಗುತ್ತಿದ್ದವರು ಯಾರದೋ ಮನೆಯ ಒಳಗಿನ ತನಕ ಬರಲಿಲ್ಲ. ಕೆಲಸ ಕಡಿಮೆಯಾಯಿತು, ಮಾತು ಮೊದಲೇ ಕಡಿಮೆ. ಆ ಬೇಸಿಗೆಯಲ್ಲಿ ಒಂದು ಸಂಜೆ ಅವನು ನಮ್ಮ ಮನೆಗೆ ಬಂದ, ನೆಟ್ಟಗೆ ಬಂದು ಕುರ್ಚಿಯಲ್ಲಿ ಕೂತ, ನೀರು ಕುಡಿದ, ಹೋದ. ಅವನು ಹೋದ ಮೇಲೆ ನನ್ನ ಹೆಂಡತಿ, "ಇವತ್ತು ಮೇಲೆ ನೋಡ್ಲೇ ಇಲ್ಲ, ಗಮನಿಸಿದ್ರಾ?" ಎಂದಳು. ನಮ್ಮ ಫ್ಯಾನು ಆಗ ತಿಂಗಳಿಂದ ಕಿರುಗುಟ್ಟುತ್ತಿತ್ತು. ಅವನಿಗೆಂದೇ ರಿಪೇರಿ ಮಾಡಿಸದೆ ಬಿಟ್ಟಿದ್ದೆ.

ಅದಾಗಿ ಹೆಚ್ಚು ದಿನ ಅವನು ಉಳಿಯಲಿಲ್ಲ. ನಡವೆಯಲ್ಲಿ ನೀರೆತ್ತುವ ಪಂಪಿನ ಮೋಟಾರನ್ನು ತೊಡೆಯ ಮೇಲಿಟ್ಟುಕೊಂಡು ತಂತಿ ಕೂರಿಸುತ್ತಿದ್ದವನು ಹಾಗೆಯೇ ಮುಂದಕ್ಕೆ ಬಾಗಿದನಂತೆ. ಬಗ್ಗಿ ಏನನ್ನೋ ನೋಡುತ್ತಿದ್ದಾನೆಂದು ಅತ್ತಿಗೆ ಅಂದುಕೊಂಡರು. ಅರ್ಧ ಸುತ್ತಿದ ಆ ಮೋಟಾರನ್ನು ನಾನು ಇನ್ನೊಬ್ಬ ಕಸುಬುದಾರನ ಬಳಿ ಒಯ್ದೆ. ಅವನು ತಿರುಗಿಸಿ ತಿರುಗಿಸಿ ನೋಡಿ, "ಕೈ ಚೆನ್ನಾಗಿದೆ. ಆದ್ರೆ ಒಬ್ರು ಅರ್ಧ ಸುತ್ತಿದ್ದನ್ನ ಇನ್ನೊಬ್ರು ಮುಂದುವರಿಸೋಕಾಗಲ್ಲ ಸಾರ್, ಎಲ್ಲ ಬಿಚ್ಚಿ ಮೊದಲಿಂದ ಸುತ್ತಬೇಕು" ಎಂದ. ಬಿಚ್ಚಿದ ತಂತಿಯನ್ನು ಗುಜರಿಗೆ ಹಾಕುತ್ತಾರೆ. ನಾನು ಅಲ್ಲಿ ನಿಲ್ಲಲಾರದೆ ಬಂದುಬಿಟ್ಟೆ.

ಮೊನ್ನೆ ಅವರ ಮನೆಗೆ ಹೋಗಿದ್ದೆ. ನಡವೆ ಖಾಲಿಯಾಗಿತ್ತು, ಕೋಟು ಮಾತ್ರ ಮೊಳೆಯಲ್ಲಿ ತೋಳು ಮಡಚಿಕೊಂಡು ನಿಂತಿತ್ತು. ಮೇಲೆ ಅವನು ಸುತ್ತಿದ ಫ್ಯಾನು ತಿರುಗುತ್ತಿತ್ತು, ತಿರುಗುವುದೇ ತಿಳಿಯದಷ್ಟು ಸದ್ದಿಲ್ಲದೆ. ಅತ್ತಿಗೆ ಟೀ ತಂದಿಟ್ಟು, ಆ ಕಂಪನಿಯ ಏಜೆಂಟ್ ಫೋನ್ ಮಾಡಿದ್ದನೆಂದು ಹೇಳಿದರು.

"ಯಜಮಾನ್ರು ಇಲ್ದಿದ್ರೂ ಪರವಾಗಿಲ್ವಂತೆ. ವಾರಸುದಾರಳು ಅಂತ ನಾನು ಒಂದು ಹೇಳಿಕೆ ಕೊಟ್ರೆ ಸಾಕಂತೆ, ಆ ಸಹಿ ಅವರದ್ದಲ್ಲ ಅಂತ. ಇವರು ಕಟ್ಟಿದ್ದೆಲ್ಲ ವಾಪಸ್ ಕೇಳಬಹುದಂತೆ."

"ನೀವೇನಂದ್ರಿ?"

ಅವರು ಮೊಳೆಯ ಮೇಲಿನ ಕೋಟಿನ ಕಡೆ ನೋಡಿದರು. ಆ ಹಣ ಈಗ ಅವರಿಗೆ ಎಷ್ಟು ಬೇಕಾಗಿದೆಯೆಂದು ಅವರಿಗೂ ಗೊತ್ತು, ನನಗೂ ಗೊತ್ತು.

"ಅದು ನಮ್ಮ ಮನೆಯವರದ್ದೇ ಸಹಿ ಕಣಪ್ಪಾ, ಕೈಗೆ ಬಟ್ಟೆ ಕಟ್ಟಿ ಕಳಿಸಿದೋಳೇ ನಾನು ಅಂದೆ. ಫೋನ್ ಇಟ್ಟೆ." ಟೀ ಲೋಟವನ್ನು ನನ್ನತ್ತ ಸರಿಸಿ, "ಇಟ್ಟಮೇಲೆ ಇವರನ್ನ ಬಾಯಿಗೆ ಬಂದ ಹಾಗೆ ಬೈದೆ" ಎಂದರು.

ಅವನು ಮಾಡಿದ್ದು ಸರಿಯೆಂದು ಘಂಟಾಘೋಷವಾಗಿ ಹೇಳುವ ಧೈರ್ಯ ನನಗಿಲ್ಲ. ಖಾಲಿ ನಡವೆಯಲ್ಲಿ ಕೂತು ಟೀ ಕುಡಿದವನು ಹಾಗೆ ಹೇಳಲಾರ. ಒಳಗಿನ ತಂತಿಯನ್ನು ತಾವೇ ಬಿಚ್ಚಿ ತಾವೇ ಸುತ್ತುವವರು ಲೋಕದಲ್ಲಿ ಆಗೊಬ್ಬರು ಈಗೊಬ್ಬರು ಇರುತ್ತಾರೆ. ಅವರ ಕೆಲಸ ಸರಿಯಾಗಿದ್ದಷ್ಟೂ ಸದ್ದಿರುವುದಿಲ್ಲ, ಆದ್ದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಲೋಕದ ಲೆಕ್ಕದಲ್ಲಿ ಅವರ ಹೆಸರು ಕೊನೆಯವರೆಗೂ ಕೆಟ್ಟದ್ದಾಗಿಯೇ ಉಳಿಯುತ್ತದೆ, ಜೊತೆಗಿದ್ದವರು ಸುಖಪಡುವುದಿಲ್ಲ. ಅವರು ಹೊತ್ತ ಭಾರ ಅವರೊಂದಿಗೆ ಮಣ್ಣಾಗುತ್ತದೆಂದು ನಾನು ತಿಳಿದಿದ್ದೆ. ಆಗುವುದಿಲ್ಲ. ಅವರು ಇರುವವರೆಗೆ ಅದಕ್ಕಾಗಿ ಅವರೊಡನೆ ಜಗಳವಾಡಿದವರೇ, ಒಂದು ದಿನ ಬೈಯುತ್ತ ಬೈಯುತ್ತಲೇ, ಅದಕ್ಕೆ ಹೆಗಲು ಕೊಡುತ್ತಾರೆ.